ಓಡಲು ಒಂದಿಷ್ಟು ಬಯಲು ಕೊಡಿ: ಮುಧೋಳ ನಾಯಿಯ ಪರವಾಗಿ ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹೋದ ವರ್ಷ ನಮ್ಮ ಕಡೆಯ ಒಂದು ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಮುಧೋಳ ನಾಯಿಯೊಂದನ್ನು ನಿಲ್ಲಿಸಿದ್ದರು. ಕೊರಳಿಗೆ ಚೆಂಡುಹೂವಿನ ಮಾಲೆ, ಹಣೆಗೆ ಕುಂಕುಮ, ಬೆನ್ನ ಹಿಂದೆ ‘ನಾಡಿನ ಹೆಮ್ಮೆ’ ಎಂದು ಬರೆದ ಫ್ಲೆಕ್ಸ್. ಮುಂದೆ ಡೊಳ್ಳು, ಹಲಗೆ, ಪಟಾಕಿ. ನಾಯಿ ಬಾಲವನ್ನು ಹೊಟ್ಟೆಗೆ ಅಂಟಿಸಿಕೊಂಡು, ಕಿವಿಗಳನ್ನು ಹಿಂದಕ್ಕೆ ಒತ್ತಿ, ನಡುಗುತ್ತ ನಿಂತಿತ್ತು. ನನ್ನ ಪಕ್ಕದಲ್ಲಿದ್ದ ಹುಡುಗನೊಬ್ಬ, “ಇದೇನಾ ಆ ಶೂರ ನಾಯಿ? ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲವೇನೋ, ಎಲುಬು ಕಾಣುತ್ತಿವೆ” ಎಂದ. ಅವನ ಅಜ್ಜನಿಗೆ ಗೊತ್ತಿದ್ದ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಈ ನಾಯಿಯ ಕೊನೆಯ ಎರಡು ಮೂರು ಪಕ್ಕೆಲುಬು ಕಾಣಲೇಬೇಕು. ಕಾಣದಿದ್ದರೆ ಅದು ಕೂತು ತಿಂದು ಕೆಟ್ಟಿದೆ ಎಂದು ನಮ್ಮ ಕಡೆಯ ಲೆಕ್ಕ.

ನಾನು ಮುಧೋಳ ತಾಲ್ಲೂಕಿನ, ಘಟಪ್ರಭೆಯ ದಡದ ಹಳ್ಳಿಯವನು. ನಿವೃತ್ತ ಶಾಲಾ ಮಾಸ್ತರ. ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಈ ನಾಯಿಗಳಿವೆ. ಆ ಟ್ರೇಲರಿನ ದೃಶ್ಯ ಕಣ್ಣಿನಿಂದ ಹೋಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಗೌರವಕ್ಕೆ ಕೊರತೆಯಾಗಿದೆ ಎಂದು ದೂರುವಂತಿಲ್ಲ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್ತಿನ ತಮ್ಮ ತರಬೇತಿ ಕೇಂದ್ರಕ್ಕೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಬಾನುಲಿಯಲ್ಲಿ ಇದರ ಹೆಸರು ಹೇಳಿದರು. ರನ್‌ವೇ ಮೇಲಿನ ಹಕ್ಕಿಗಳನ್ನು ಓಡಿಸಲು ವಾಯುಪಡೆ 2021ರಲ್ಲಿ ಮರಿ ಪಡೆಯಿತು. ಮರುವರ್ಷ ಪ್ರಧಾನಿಯವರ ವಿಶೇಷ ರಕ್ಷಣಾ ದಳದವರೇ ನಮ್ಮ ತಾಲ್ಲೂಕಿನ ಶ್ವಾನ ಸಂಶೋಧನಾ ಕೇಂದ್ರವಿರುವ ತಿಮ್ಮಾಪುರಕ್ಕೆ ಬಂದು ಹೋದರು. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಬ್ಯೂರೋ ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈ ತಳಿಗಳ ಜೊತೆಗೆ ಇದನ್ನೂ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿಸಿಕೊಂಡಿತು. ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ಹೆಣ್ಣುನಾಯಿ 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಜಾಡು ಹಿಡಿಯುವ ಸ್ಪರ್ಧೆಯನ್ನು ಗೆದ್ದಾಗ ನನಗೆ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. ಇದು ಕಣ್ಣಿನ ನಾಯಿ, ಮೂಗಿನ ಕೆಲಸ ಇದಕ್ಕೆ ಒಗ್ಗುವುದಿಲ್ಲ ಎಂದು ನಲವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ರಿಯಾ ನನ್ನ ಪಾಠವನ್ನು ತಿದ್ದಿದಳು.

ಇಷ್ಟೆಲ್ಲ ಸಿಕ್ಕ ನಾಯಿಗೆ ಅದರ ಸ್ವಂತ ಊರಿನಲ್ಲಿ ಸರಪಳಿ ಬಿಚ್ಚಿ ಓಡಿಸಲು ಜಾಗವಿಲ್ಲ. ನಾನು ಹೇಳಬೇಕಾದದ್ದು ಇದೊಂದೇ ಮಾತು.

ಓಟವೆಂದರೆ ಈ ನಾಯಿಗೆ ಹವ್ಯಾಸ ಎಂದು ತಿಳಿಯಬೇಡಿ. ಅದರ ಅಂಗಾಂಗ ಸಿದ್ಧವಾಗಿರುವುದೇ ಓಟದಿಂದ. ಕೊಡದಂತೆ ಆಳವಾದ ಎದೆ, ಅದರ ಹಿಂದೆ ಬೆನ್ನಿಗೆ ಅಂಟಿದ ಹೊಟ್ಟೆ, ಗಾಳಿಯನ್ನು ಸೀಳುವ ಉದ್ದನೆಯ ಕಿರಿದಾದ ತಲೆ, ಮೊಲದ ಪಾದದಂಥ ಉದ್ದ ಬೆರಳಿನ ಪಾದ. ಪೂರ್ತಿ ವೇಗಕ್ಕೆ ಬಂದಾಗ ಇದರ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಮತ್ತೆ ಹಿಗ್ಗುತ್ತದೆ. ಕಾಲುಗಳು ಹೊಟ್ಟೆಯಡಿ ಮಡಚಿಕೊಂಡಾಗ ಒಮ್ಮೆ, ಮುಂದೆ ಹಿಂದೆ ಚಾಚಿಕೊಂಡಾಗ ಇನ್ನೊಮ್ಮೆ, ಹೀಗೆ ಒಂದೊಂದು ನೆಗೆತಕ್ಕೂ ಎರಡೆರಡು ಸಲ ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆ. ಕುದುರೆ ಹೀಗೆ ಓಡುವುದಿಲ್ಲ. ಬೆಕ್ಕಿನ ಕುಲದ ಚೀತಾ ಓಡುತ್ತದೆ, ಗ್ರೇಹೌಂಡ್ ಓಡುತ್ತದೆ, ನಮ್ಮ ಊರಿನ ನಾಯಿ ಓಡುತ್ತದೆ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಈ ಓಟದ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ ಎಂಬುದನ್ನು ಅರಿತ ಪಶುವೈದ್ಯರು ತಾಲ್ಲೂಕಿಗೊಬ್ಬರಾದರೂ ಇರಬೇಕಿತ್ತು. ಅದನ್ನು ಬರೆಯಹೋದರೆ ಇನ್ನೊಂದು ಪತ್ರವಾಗುತ್ತದೆ.

ನಾನು ಹತ್ತು ವರ್ಷದವನಿದ್ದಾಗ ನಮ್ಮ ಮನೆಯಲ್ಲಿ ಚಿಗರಿ ಎಂಬ ಹೆಣ್ಣುನಾಯಿ ಇತ್ತು. ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತಾರೆ. ಬೇಟೆಯ ಹೆಸರನ್ನೇ ಬೇಟೆನಾಯಿಗೆ ಇಡುವ ಆ ಕುಚೋದ್ಯ ಅಪ್ಪನದು. ಹಗಲೆಲ್ಲ ಅದು ಕಣಜದ ನೆರಳಿನಲ್ಲಿ ಒಗೆದು ಹಾಕಿದ ಬಟ್ಟೆಯಂತೆ ಬಿದ್ದಿರುತ್ತಿತ್ತು. ಬಂದವರ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ, ಬೊಗಳುತ್ತಿರಲಿಲ್ಲ, ಮೈಮುಟ್ಟಲು ಹೋದರೆ ಎದ್ದು ಎರಡು ಮಾರು ಆಚೆ ಹೋಗಿ ಮಲಗುತ್ತಿತ್ತು. ಒಂದು ಬೆಳಿಗ್ಗೆ ಜೋಳ ಕೊಯ್ದ ಎರೆಹೊಲದಲ್ಲಿ ಅಪ್ಪನ ಹಿಂದೆ ಹೋಗಿದ್ದೆ. ನಾಯಿ ತಟ್ಟನೆ ನಿಂತಿತು. ಎಲ್ಲಿ ನೋಡುತ್ತಿದೆ ಎಂದು ನನಗೆ ತಿಳಿಯಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಕರಿ ಮಣ್ಣು, ಕೂಳೆ, ದೂರದಲ್ಲೊಂದು ಬನ್ನಿಗಿಡ. ಆಮೇಲೆ ಆ ಬನ್ನಿಗಿಡದ ಕೆಳಗಿನ ಮಣ್ಣು ಎದ್ದು ಓಡಿತು. ಅದು ಮೊಲವೆಂದು ನನಗೆ ತಿಳಿಯುವ ಹೊತ್ತಿಗೆ ಚಿಗರಿ ಅರ್ಧ ಹೊಲ ದಾಟಿತ್ತು. ಮೊಲ ಮೂರು ಸಲ ಹೊರಳಿತು. ಮೂರನೆಯ ಹೊರಳಿಗೆ ನಾಯಿ ಮಗ್ಗುಲಾಗಿ ಬಿದ್ದು, ಎದ್ದು, ಬರಿಗೈಯಲ್ಲಿ ಮರಳಿತು. ಅಪ್ಪ ಬೈಯಲಿಲ್ಲ. ಕೂತು ಅದರ ಪಾದಗಳನ್ನು ಒಂದೊಂದಾಗಿ ಎತ್ತಿ ನೋಡಿ, ಸಿಕ್ಕಿದ್ದ ಕೂಳೆಯ ಸಿಬಿರನ್ನು ಹಲ್ಲಿನಿಂದ ಕಚ್ಚಿ ತೆಗೆದರು.

ಅದು 1966ರ ಸುಮಾರಿನ ಮಾತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಬೇಟೆಯನ್ನು ಮರಳಿ ಕೊಡಿ ಎಂದು ಕೇಳುವ ಪತ್ರ ಇದಲ್ಲ. ಚಿಗರಿಗಳು ನಮ್ಮ ಹೊಲಗಳಿಂದ ಮಾಯವಾಗುವುದಕ್ಕೆ ನಮ್ಮ ಅಪ್ಪಂದಿರು, ಅಜ್ಜಂದಿರು ಮತ್ತು ಅವರ ನಾಯಿಗಳು ಕೂಡ ಕಾರಣ ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ಈ ನಾಯಿಯ ಚರಿತ್ರೆ ಹೇಳುವಾಗ ಎಲ್ಲರೂ ಅರಮನೆಯಿಂದ ಶುರು ಮಾಡುತ್ತಾರೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಕಾಪಾಡಿ ಬೆಳೆಸಿದರು, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟರು, ಮುಧೋಳದ ಹೆಸರು ನಾಯಿಗೆ ಅಂಟಿದ್ದು ಹಾಗೆ ಎಂದು ಕೇಳುತ್ತ ಬೆಳೆದಿದ್ದೇವೆ. ರಾಜರ ಋಣ ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ರಾಜರು ಈ ನಾಯಿಯನ್ನು ಮೊದಲು ಕಂಡದ್ದು ಬೇಡರ ಬಳಿ ಎಂದು ಅದೇ ಕತೆಯೇ ಹೇಳುತ್ತದೆ. ಆ ಸಾಲನ್ನು ಮಾತ್ರ ಎಲ್ಲರೂ ಬೇಗ ದಾಟಿಬಿಡುತ್ತಾರೆ. ನಮ್ಮ ತಾಲ್ಲೂಕಿನದೇ ಊರು ಹಲಗಲಿ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾನೂನಿಗೆ ಬಗ್ಗದೆ ಕುಂಪಣಿಯ ದಂಡಿನ ಎದುರು ನಿಂತ ಹಲಗಲಿಯ ಬೇಡರ ಲಾವಣಿಯನ್ನು ಶಾಲೆಯಲ್ಲಿ ಓದದ ಕನ್ನಡಿಗರು ಕಡಿಮೆ. ಊರು ಸುಟ್ಟರು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಬೇಟೆಯಿಂದ ಬದುಕುವವನ ಕೈಯಿಂದ ಕೋವಿ, ಕತ್ತಿ ಕಿತ್ತುಕೊಂಡ ಮೇಲೆ ಅವನ ಪಾಲಿಗೆ ಉಳಿಯುವುದೇನು? ನಾಯಿ ಉಳಿಯುತ್ತದೆ ಎಂದು ನನ್ನ ಊಹೆ. ಇದಕ್ಕೆ ದಾಖಲೆ ಕೇಳಬೇಡಿ, ಮಾಸ್ತರನ ಊಹೆ. ಬೇಡರು, ಕುರಿಗಾರರು, ಹೊಲದ ಬದುವಿನ ಮೇಲೆ ಮಲಗುವ ಸಣ್ಣ ರೈತರು ಜೋಳದ ನುಚ್ಚು, ಮಜ್ಜಿಗೆ, ರೊಟ್ಟಿಯ ತುಣುಕು ಹಾಕಿ ಉಳಿಸಿಕೊಂಡು ಬಂದ ಪ್ರಾಣಿ ಇದು. ಫ್ಲೆಕ್ಸಿನಲ್ಲಿ ಅರಮನೆಯ ಚಿತ್ರವಿತ್ತು, ಹಟ್ಟಿಯದು ಇರಲಿಲ್ಲ.

ಇನ್ನೊಂದು ಜಗಳ ಹೆಸರಿನದು. ಮಹಾರಾಷ್ಟ್ರದವರು ಕಾರವಾನಿ ಎನ್ನುತ್ತಾರೆ, ಕಿವಿ ಬಾಲಗಳಲ್ಲಿ ಕೂದಲಿದ್ದರೆ ಪಶ್ಮಿ ಎನ್ನುತ್ತಾರೆ. ದೇಶದ ಎರಡು ಶ್ವಾನ ಸಂಘಗಳಲ್ಲಿ ಒಂದರ ಪುಸ್ತಕದಲ್ಲಿ ಇದು ಕಾರವಾನ್ ಹೌಂಡ್, ಇನ್ನೊಂದರಲ್ಲಿ ಮುಧೋಳ ಹೌಂಡ್. ಮಧ್ಯ ಏಷ್ಯಾ, ಪರ್ಷಿಯಾ, ಅರಬ್ ನಾಡುಗಳ ಕಡೆಯಿಂದ ವ್ಯಾಪಾರಿಗಳ, ಸೈನಿಕರ ಹಿಂದೆ ಬಂದ ನಾಯಿಗಳ ವಂಶ ಇದು, ಹಾಗಾಗಿ ನಮ್ಮದೆಂದು ಹೇಗೆ ಹೇಳುತ್ತೀರಿ ಎಂದು ಕೆಣಕುವವರಿದ್ದಾರೆ. ಆ ನಾಡುಗಳ ಸಲೂಕಿ, ತಾಜಿ ನಾಯಿಗಳ ಚಿತ್ರ ನೋಡಿದರೆ ನೆಂಟಸ್ತಿಕೆ ಕಣ್ಣಿಗೆ ಹೊಡೆಯುತ್ತದೆ. ಇರಲಿ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂತು. ಬ್ಯಾಡಗಿ ಮೆಣಸಿನಕಾಯಿ ಬ್ಯಾಡಗಿಯದಲ್ಲ ಎನ್ನಲು ಯಾರಿಗಾದರೂ ಧೈರ್ಯವಿದೆಯೇ? ನಮ್ಮ ಎರೆ ಮಣ್ಣು, ನಮ್ಮ ಬಿಸಿಲು, ನಮ್ಮ ಮೊಲ, ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲಿಯ ಮರವಿಲ್ಲದ ಬಯಲು ಈ ನಾಯಿಯನ್ನು ತಿದ್ದಿ ತೀಡಿದವು.

ನಾಯಿಯನ್ನು ಹೇಗೆ ಗೌರವಿಸಬೇಕೆಂಬುದಕ್ಕೆ ಕನ್ನಡದಲ್ಲಿ ಹಳೆಯ ಮಾದರಿಯಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ನಿಮ್ಮ ವಿಧಾನಸೌಧದಿಂದ ಹತ್ತು ನಿಮಿಷದ ದಾರಿ. ಕ್ರಿ.ಶ. 949-50ರ ಶಾಸನ. ಚೋಳರ ಎದುರಿನ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಗಂಗರ ದೊರೆ ಬೂತುಗ, ಬೇಕಾದದ್ದು ಕೇಳು ಎಂದನಂತೆ. ಮಣಲೇರ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವು. ಆತಕೂರಿನ ದೇವಾಲಯದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿದರು, ಪೂಜೆ ನಡೆಯಲೆಂದು ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅಲ್ಲಿಯ ಪೂಜಾರಿ ಗೊರವನಿಗೆ ತಟ್ಟುತ್ತದೆ ಎಂಬ ಷರತ್ತನ್ನೂ ಕೊರೆಸಿದರು. ಇಂಥ ಷರತ್ತನ್ನು ನಿಮ್ಮ ಇಲಾಖೆಯ ಆದೇಶಗಳಲ್ಲಿ ಸೇರಿಸಿ ಎಂದು ನಾನು ಹೇಳುವುದಿಲ್ಲ, ಆಸೆಯೇನೋ ಇದೆ.

ಕಾಳಿ ಮುಧೋಳ ತಳಿಯದೆಂದು ಯಾರಾದರೂ ಭಾಷಣ ಮಾಡುವ ಮೊದಲೇ ಹೇಳಿಬಿಡುತ್ತೇನೆ: ಆತಕೂರು ಮಂಡ್ಯ ಜಿಲ್ಲೆಯದು, ಆ ನಾಯಿಗೂ ನಮ್ಮದಕ್ಕೂ ಸಂಬಂಧ ಕಟ್ಟಬೇಕಾಗಿಲ್ಲ. ಅದೇ 949ರಲ್ಲಿ ನಮ್ಮ ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ರನ್ನ ಹುಟ್ಟಿದ ಎನ್ನುತ್ತಾರೆ. ಅದು ಕಾಲದ ಒಂದು ಚಂದದ ಆಟ, ಅಷ್ಟೇ. ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ. ಶಾಸನ ಬರೆದವನು ನಾಯಿಯ ಬಣ್ಣ ಹೇಳುವುದಿಲ್ಲ, ಎತ್ತರ ಹೇಳುವುದಿಲ್ಲ, ತಳಿ ಹೇಳುವುದಿಲ್ಲ. ಅದರ ಹೆಸರು ಹೇಳುತ್ತಾನೆ, ಅದು ಹೋರಾಡಿದ ನೆಲ ಹೇಳುತ್ತಾನೆ: ಕೆಳಲೆನಾಡಿನ ಬೆಳತೂರು, ಅದರ ಪಡುವಣ ದಿಕ್ಕಿನ ಮೊರಡಿ. ಸಾವಿರ ವರ್ಷದ ಮೇಲೆಯೂ ಆ ಗುಡ್ಡ ಯಾವ ದಿಕ್ಕಿಗಿತ್ತು ಎಂದು ನಮಗೆ ಗೊತ್ತು.

ನಮ್ಮ ನಾಯಿಯ ಮೊರಡಿ ಎಲ್ಲಿದೆ, ಸಚಿವರೇ? ಚಿಗರಿ ಓಡಿದ ಹೊಲದಲ್ಲಿ ಈಗ ಕಬ್ಬು ನಿಂತಿದೆ. ಘಟಪ್ರಭೆಯ ಕಾಲುವೆ ಬಂತು, ಸಕ್ಕರೆ ಕಾರ್ಖಾನೆಗಳು ಬಂದವು, ಸಾಲ ತೀರಿತು, ಮಕ್ಕಳು ಓದಿದರು. ನನ್ನ ತಮ್ಮನ ಹೊಲದಲ್ಲೂ ಕಬ್ಬೇ, ಅದರ ಸಕ್ಕರೆಯನ್ನು ನಾನೂ ಚಹಾಕ್ಕೆ ಹಾಕಿಕೊಳ್ಳುತ್ತೇನೆ, ಹಾಗಾಗಿ ಕಬ್ಬನ್ನು ಬೈಯುವ ಅಧಿಕಾರ ನನಗಿಲ್ಲ. ಆದರೆ ಆಳೆತ್ತರದ ಕಬ್ಬಿನಲ್ಲಿ ಕಣ್ಣಿನಿಂದ ಬೇಟೆಯಾಡುವ ನಾಯಿ ಕುರುಡು. ಜೋಳದ ಹೊಲ ಕೊಯ್ಲಾದ ಮೇಲೆ ನಾಲ್ಕು ತಿಂಗಳು ಬಯಲಾಗಿರುತ್ತಿತ್ತು. ಕಬ್ಬಿನ ಹೊಲ ಕೂಳೆ ಬೆಳೆಗೆಂದು ಮತ್ತೆ ಚಿಗುರುತ್ತದೆ. ಊರಿನ ಗಾಯರಾಣಗಳ, ಅಂದರೆ ಗೋಮಾಳಗಳ ಕತೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಉಳಿದದ್ದು ಡಾಂಬರು ರಸ್ತೆ, ಅಲ್ಲಿ ಕಬ್ಬಿನ ಲಾರಿಗಳು. ಆದ್ದರಿಂದ ನಾಯಿ ಸಾಕುವ ಮನೆಗಳಲ್ಲಿ ನಾಯಿ ಈಗ ಮೂರು ಮಾರಿನ ಸರಪಳಿಯಲ್ಲಿದೆ. ಮರಿ ಹಾಕುತ್ತದೆ, ಮರಿ ಮಾರಾಟವಾಗುತ್ತವೆ. ಓಡದ ತಾಯಿಯ ಓಡದ ಮಗಳು ಮತ್ತೆ ಮರಿ ಹಾಕುತ್ತಾಳೆ. ಯಾವ ನಾಯಿ ಚೆನ್ನಾಗಿ ಓಡುತ್ತದೆ ಎಂದು ನೋಡಿ ಜೋಡಿ ಕೂಡಿಸುತ್ತಿದ್ದ ಕಾಲ ಹೋಗಿ, ಯಾವುದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಕೂಡಿಸುವ ಕಾಲ ಬಂದಿದೆ. ಇನ್ನು ಕೆಲವರಿಗೆ ಓಟ ಬೇಕು, ಆದರೆ ಬೇಗ ಬೇಕು. ಅವರು ಗ್ರೇಹೌಂಡ್ ರಕ್ತ ಬೆರೆಸಿ ಅದನ್ನೂ ಮುಧೋಳ ನಾಯಿ ಎಂದೇ ಮಾರುತ್ತಾರೆ.

ಹಾಗೆಂದು ಸಿಕ್ಕಲ್ಲಿ ಬಿಚ್ಚಿ ಬಿಡಿ ಎನ್ನಲೂ ಆಗುವುದಿಲ್ಲ. ನಮ್ಮ ತಾಲ್ಲೂಕಿಗೂ ಬೀಳಗಿಗೂ ಸೇರಿದ ಯಡಹಳ್ಳಿ ಕಾಡು 2016ರಲ್ಲಿ ಚಿಂಕಾರ ವನ್ಯಧಾಮವಾಯಿತು, ಸುಮಾರು 96 ಚದರ ಕಿಲೋಮೀಟರ್. ಚಿಂಕಾರ ಎಂಬ ಆ ಸಣ್ಣ ಹುಲ್ಲೆಗಳು ಈ ನಾಯಿಯ ಹಳೆಯ ಗುರಿಗಳು. ಒಂದೇ ತಾಲ್ಲೂಕಿನಲ್ಲಿ ಓಡುವುದೂ ಓಡಿಸಿಕೊಂಡು ಹೋಗುವುದೂ ಎರಡೂ ಈಗ ರಕ್ಷಣೆ ಬೇಡುವ ಪರಂಪರೆಗಳಾಗಿವೆ. ಆದ್ದರಿಂದ ಬೇಕಾಗಿರುವುದು ಬೇಲಿಯಿರುವ ಬಯಲು.

ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಈ ತಳಿ ಇಂದು ಸೇನೆಯ ಬಾಯಲ್ಲಿ ಇರುವುದಕ್ಕೆ ಅಲ್ಲಿಯವರ ದುಡಿಮೆ ಕಾರಣ, ಅದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಅದರ ಹತ್ತಿರದಲ್ಲೋ, ತಾಲ್ಲೂಕಿನ ಯಾವುದಾದರೂ ಸರ್ಕಾರಿ ಭೂಮಿಯಲ್ಲೋ ಹತ್ತು ಎಕರೆಗೆ ಎತ್ತರದ ಜಾಲರಿ ಬೇಲಿ ಹಾಕಿಸಿ. ಒಳಗೆ ಕಟ್ಟಡ ಬೇಡ, ಕಮಾನು ಬೇಡ, ದಯವಿಟ್ಟು ನಾಯಿಯ ಸಿಮೆಂಟ್ ಪ್ರತಿಮೆಯಂತೂ ಬೇಡ. ನೆಲದ ಮೇಲೆ ರಾಟೆಗಳನ್ನು ನೆಟ್ಟು, ಹಗ್ಗಕ್ಕೆ ಬಿಳಿ ಬಟ್ಟೆಯ ತುಂಡು ಕಟ್ಟಿ, ಸಣ್ಣ ಮೋಟಾರಿನಿಂದ ಮೊಲದಂತೆ ಅಂಕುಡೊಂಕಾಗಿ ಎಳೆಯುವ ಏರ್ಪಾಡು ಬೇರೆ ದೇಶಗಳಲ್ಲಿ ಬಹಳ ಕಾಲದಿಂದ ಇದೆ. ಯಾವ ಜೀವಕ್ಕೂ ಹಾನಿಯಿಲ್ಲ, ನಾಯಿಗೆ ಬಟ್ಟೆಯಾದರೂ ಸರಿ, ಓಡುವುದಾದರೆ ಸಾಕು. ವಾರದಲ್ಲಿ ಎರಡು ದಿನ ಹಳ್ಳಿಯವರು ತಮ್ಮ ನಾಯಿಗಳನ್ನು ತಂದು ಬಿಡಲಿ. ಬಾಜಿ ಕಟ್ಟುವವರನ್ನು ಮಾತ್ರ ಗೇಟಿನ ಒಳಗೆ ಬಿಡಬೇಡಿ. ಹಣ ಬಂದ ದಿನ ಗ್ರೇಹೌಂಡ್ ಬರುತ್ತದೆ, ಚುಚ್ಚುಮದ್ದು ಬರುತ್ತದೆ.

ಅದೇ ಬಯಲಿನ ಬಾಗಿಲಲ್ಲಿ ಒಂದು ಮೇಜು ಹಾಕಿ, ವಂಶಾವಳಿಯ ಪುಸ್ತಕ ಇಡಿ. ಯಾರ ಮನೆಯ ಹೆಣ್ಣು, ಯಾರ ಮನೆಯ ಗಂಡು, ಯಾವ ಸೂಲು, ಎಷ್ಟು ಮರಿ ಎಂಬುದೆಲ್ಲ ಈಗ ನಾಲ್ಕಾರು ಮುದುಕರ ತಲೆಯಲ್ಲಿದೆ. ನನ್ನ ಅಪ್ಪನ ತಲೆಯಲ್ಲಿದ್ದದ್ದು ಅವರ ಜೊತೆಗೇ ಹೋಯಿತು. ನಾನು ಕೇಳಿ ಬರೆದಿಡಬಹುದಿತ್ತು, ಮಾಸ್ತರನಾಗಿ ಬರೆಯುವುದೇ ನನ್ನ ಕಸುಬಾಗಿತ್ತು, ಬರೆಯಲಿಲ್ಲ. ಸಣ್ಣ ಪ್ರದೇಶದ ತಳಿಯಲ್ಲಿ ಯಾರಿಗೆ ಯಾರು ಹತ್ತಿರದ ರಕ್ತಸಂಬಂಧಿ ಎಂದು ತಿಳಿಯದೆ ಜೋಡಿ ಮಾಡಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಇಲಾಖೆಯ ವೈದ್ಯರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಮರಿಗಳ ಮಾರಾಟದ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ನನಗೆ ಹೇಳದೆ, ಮೊಬೈಲಿನಲ್ಲಿ ಚಿತ್ರ ನೋಡಿ, ದಲ್ಲಾಳಿಯೊಬ್ಬನಿಂದ ಮರಿ ತರಿಸಿಕೊಂಡ. ರಾತ್ರಿ ಬಸ್ಸಿನ ಸಾಮಾನಿನ ಪೆಟ್ಟಿಗೆಯಲ್ಲಿ, ರಟ್ಟಿನ ಡಬ್ಬದಲ್ಲಿ ಬಂದ ಮರಿ. ಹಲ್ಲು ನೋಡಿದರೆ ತಿಂಗಳು ತುಂಬಿದ್ದೂ ಅನುಮಾನ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ತಳಿ ಸಾಕುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು ಎಂದು 2017ರ ಕೇಂದ್ರದ ನಿಯಮಗಳು ಹೇಳುತ್ತವೆ. ದಲ್ಲಾಳಿಗೆ ನಿಯಮ ಓದಲು ಬಿಡುವಿರಲಿಲ್ಲ. ಮರಿ ಒಂಬತ್ತನೆಯ ದಿನ ಪಾರ್ವೋ ಬೇನೆಯಿಂದ ಸತ್ತಿತು. ಹುಡುಗ ಫೋನಿನಲ್ಲಿ ಅತ್ತ. ಅವನಿಗೆ ನಾನು ಸಮಾಧಾನ ಹೇಳಲಿಲ್ಲ, ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆಗೆ ಈ ನಾಯಿಯನ್ನು ಏಕೆ ತಂದೆ ಎಂದು ಬೈದೆ. ಬೈದದ್ದು ತಪ್ಪಾಯಿತೇನೋ. ಆದರೆ ನಿಯಮವನ್ನು ಜಾರಿಗೆ ತರಬೇಕಾದವರು ಹಳ್ಳಿಯ ಬಡ ಸಾಕಣೆಗಾರನ ಮನೆಗೆ ದಂಡದ ರಸೀದಿ ಹಿಡಿದು ಹೋಗುವುದು ಬೇಡ, ಅವನನ್ನು ನೋಂದಾಯಿಸಿ, ಲಸಿಕೆ ಕೊಟ್ಟು, ಎಂಟನೆಯ ವಾರದವರೆಗೆ ಮರಿ ಉಳಿಸಿಕೊಂಡರೆ ಆಗುವ ಹಾಲು ಹಿಟ್ಟಿನ ಖರ್ಚಿಗೆ ನೆರವಾಗಲಿ. ದಂಡ ದಲ್ಲಾಳಿಗೆ ಹಾಕಲಿ.

ನಗರಗಳಲ್ಲಿರುವ ಕನ್ನಡಿಗರೂ ಇದನ್ನು ಓದಬಹುದೆಂದು ಅವರಿಗೆ ಎರಡು ಸಾಲು. ಅಭಿಮಾನಕ್ಕೆಂದು ಈ ಮರಿ ತರಬೇಡಿ. ದಿನಾ ಬೆಳಿಗ್ಗೆ ಬೇಲಿಯಿರುವ ಮೈದಾನದಲ್ಲಿ ಬಿಟ್ಟು ಓಡಿಸಬಲ್ಲವರು ತನ್ನಿ, ಅದು ನಿಮ್ಮ ಕೈ ನೆಕ್ಕಲಿಲ್ಲ, ಬಂದವರನ್ನು ಬೊಗಳಲಿಲ್ಲ ಎಂದು ಬೇಸರಪಡದವರು ತನ್ನಿ.

ಸಚಿವರೇ, ನೀವು ಉತ್ತರ ಬರೆಯದಿದ್ದರೂ ನನಗೆ ಬೇಸರವಿಲ್ಲ. ಒಮ್ಮೆ ಬನ್ನಿ. ಫೆಬ್ರುವರಿಯಲ್ಲಿ ಬನ್ನಿ, ಆಗ ನನ್ನ ತಮ್ಮನ ಕಬ್ಬು ಕಡಿದು, ಕೂಳೆ ಚಿಗುರುವ ಮೊದಲು ಹದಿನೈದು ದಿನ ನಮ್ಮ ಹೊಲ ಬಯಲಾಗಿರುತ್ತದೆ. ಬೆಳಿಗ್ಗೆ ಆರೂವರೆಗೆ, ಇಬ್ಬನಿ ಆರುವ ಹೊತ್ತಿಗೆ. ಮಾಲೆ, ಡೊಳ್ಳು, ಛಾಯಾಗ್ರಾಹಕರು ಇಲ್ಲದೆ. ಈಗ ನಮ್ಮ ಮನೆಯಲ್ಲಿರುವ ಹೆಣ್ಣುನಾಯಿಗೆ ಎರಡೂವರೆ ವರ್ಷ, ಅದಕ್ಕೂ ಚಿಗರಿ ಎಂದೇ ಹೆಸರಿಟ್ಟಿದ್ದೇವೆ. ಹಗ್ಗದ ತುದಿಗೆ ಹಳೆಯ ಧೋತರದ ತುಂಡು ಕಟ್ಟಿ ಮೋಟಾರ್ ಸೈಕಲ್ಲಿಗೆ ಬಿಗಿದು ಎಳೆಯಲು ಮೊಮ್ಮಗ ಸಿದ್ಧನಿದ್ದಾನೆ. ನೀವು ಬದುವಿನ ಮೇಲೆ ನನ್ನ ಪಕ್ಕದಲ್ಲಿ ನಿಂತರೆ ಸಾಕು. ಚಹಾ ಮನೆಯಿಂದ ಬರುತ್ತದೆ.

ಇಂತಿ,
ಘಟಪ್ರಭೆಯ ದಡದ ಒಬ್ಬ ನಿವೃತ್ತ ಮಾಸ್ತರ